ದೊಡ್ಡಪ್ಪನ ರೈಟ್‌ಔಟ್

ಹಾಕಿ ಆಟವನ್ನು ಒಂದೇ ಒಂದು ಸಲವೂ ಕಣ್ಣಾರೆ ನೋಡದೆ, ಆ ಆಟದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂದು ತೀರ್ಪು ಕೊಟ್ಟವರು ನಮ್ಮ ದೊಡ್ಡಪ್ಪ. ಕೊಟ್ಟು ಸುಮ್ಮನಾಗಲಿಲ್ಲ, ಆ ತೀರ್ಪನ್ನು ಉಳಿಸಿಕೊಳ್ಳಲು ಮೂರು ವರ್ಷ ವಾದ ಮಾಡಿದರು. ವಾದದಲ್ಲಿ ನಾನು ಅವರ ಪರ. ನನಗೆ ಹಾಕಿ ಗೊತ್ತಿತ್ತು ಎಂದಲ್ಲ, ಸೋಲುವುದೆಂದರೆ ಮೈ ಉರಿಯುತ್ತಿತ್ತು, ಅಷ್ಟೆ. ಆಗ ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಅದು ಅಲ್ಲಿಂದ ಹೆಚ್ಚು ದೂರ ಹೋಗಿಲ್ಲ ಎಂದು ಮನೆಯವರು ಹೇಳುತ್ತಾರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಂದಿಕೆರೆಯಿಂದ ಬಿ.ಎ. ಓದಲು ತಿಪಟೂರಿಗೆ ಬಂದ ನಾನು ದೊಡ್ಡಪ್ಪನ ಮನೆಯಲ್ಲಿದ್ದೆ. ಅವರ ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ, ನಾನು, ತಲೆಯ ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ನೋಡಿದರೆ ಗೊತ್ತಾಗದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಗುಳು ಎನ್ನುತ್ತದೆ. ಒಣಗಿದ್ದರೆ ಉಂಡೆ ಒಳಗೆ ಲೊಡಲೊಡ ಉರುಳುತ್ತದೆ. ಕಷ್ಟವಿರುವುದು ಇವೆರಡರ ನಡುವೆ. ನೀರು ಹೋಗಿರುತ್ತದೆ, ಉಂಡೆ ಮಾತ್ರ ಒಂದು ಮಗ್ಗುಲಲ್ಲಿ ಇನ್ನೂ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಅಂಥದ್ದನ್ನು ಆತುರಪಟ್ಟು ಸುಲಿದು ಒಡೆದರೆ ಕೊಬ್ಬರಿ ಹರಿದು ಹಾಳಾಗುತ್ತದೆ.

ಆ ನಡುವಿನ ಸದ್ದನ್ನು ಹಿಡಿಯುವುದರಲ್ಲಿ ದೊಡ್ಡಪ್ಪನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಕಾಯಿಯನ್ನು ಒಂದೇ ಸಲ ಅಲ್ಲಾಡಿಸಿ, "ಆಯ್ತು" ಎಂದರೆ ಅದು ಅಟ್ಟದ ಬಾಯಿಂದ ಕೆಳಕ್ಕೆ. "ಇದಿನ್ನೂ ಮಲಗ್ಲಿ" ಎಂದರೆ ಮೂಲೆಗೆ. ಬೇರೆಯವರೂ ಸುಲಿಸುವ ಮುಂಚೆ ಬಂದು, "ಯಜಮಾನ್ರೇ, ಒಂದ್ಗಳಿಗೆ ನಮ್ಮ ಅಟ್ಟ ನೋಡ್ಬುಟ್ಟು ಬನ್ನಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರೆ ಮದುವೆ ಮಾತುಕತೆಗೆ ಹೊರಟ ಹಿರಿಯರ ಗತ್ತು. ಅವರ ತೋಟ ದೊಡ್ಡದಲ್ಲ, ಓದು ನಾಲ್ಕನೇ ಕ್ಲಾಸು. ಊರಲ್ಲಿ ಅವರಿಗೆ ಸಿಗುತ್ತಿದ್ದ ಮರ್ಯಾದೆಯೆಲ್ಲ ಆ ಕಿವಿಯದು. ಅದು ಅವರಿಗೂ ಗೊತ್ತಿತ್ತು.

ಆ ಕಿವಿಗೆ ಹಾಕಿ ಬಿದ್ದದ್ದು ರೇಡಿಯೋದಿಂದ. ನಮ್ಮ ಕಡೆ ಹುಡುಗರು ಆಡುತ್ತಿದ್ದದ್ದು ಕಬಡ್ಡಿ, ವಾಲಿಬಾಲು. ಹಾಕಿ ಕೋಲನ್ನು ದೊಡ್ಡಪ್ಪ ಮುಟ್ಟಿದವರಲ್ಲ. ಒಂದು ಸಲ ವಾರ್ತೆಗೆಂದು ರೇಡಿಯೋ ತಿರುಗಿಸುವಾಗ ನಮ್ಮ ದೇಶದ ತಂಡ ಯಾವುದೋ ದೊಡ್ಡ ಪಂದ್ಯ ಆಡುತ್ತಿತ್ತಂತೆ. ಹೇಳುವವನ ದನಿ ಏರಿ ಏರಿ ಏರಿ ಒಡೆದುಹೋಯಿತಂತೆ. ಹಿಂದಿ ಒಂದಕ್ಷರ ತಿಳಿಯದಿದ್ದರೂ ಆ ದನಿ ಏರುವಾಗ ಒಂದೇ ಹೆಸರು ಮತ್ತೆ ಮತ್ತೆ ಬಂದದ್ದು ಅವರ ಕಿವಿಗೆ ಸಿಕ್ಕಿತು. ಆ ಹೆಸರು ಬಲಗಡೆಯ ತುದಿಯಲ್ಲಿ ಆಡುವ ಆಟಗಾರನದು. ಅವತ್ತಿನಿಂದ ಅವನು ದೊಡ್ಡಪ್ಪನ ರೈಟ್‌ಔಟ್. ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. "ನಮ್ಮ ರೈಟ್‌ಔಟು" ಎಂದರೆ ದೊಡ್ಡಮ್ಮನಿಗೂ ಗೊತ್ತಾಗುತ್ತಿತ್ತು.

ಎದುರು ಪಕ್ಷದಲ್ಲಿದ್ದವರು ದಂಡಿನಶಿವರದ ಮೇಷ್ಟ್ರು. ದೊಡ್ಡಪ್ಪನ ಬಾಲ್ಯದ ಗೆಳೆಯರು. ಮೈಸೂರಿನಲ್ಲಿ ಓದುವಾಗ ಹಾಕಿ ಆಡಿದ್ದವರು, ಎಡಗಡೆ ಹಾಫ್‌ಬ್ಯಾಕ್ ಆಗಿ. ಮೊಣಕಾಲ ಕೆಳಗೆ ಒಂದು ಗುಳಿ ಇತ್ತು, ಚೆಂಡು ಬಡಿದದ್ದು. ವಾದ ಬಿಸಿಯಾದಾಗ ಪಂಚೆ ಎತ್ತಿ ಆ ಗುಳಿಯನ್ನು ದಾಖಲೆಯ ಹಾಗೆ ತೋರಿಸುತ್ತಿದ್ದರು. ರೇಡಿಯೋದಲ್ಲಿ ಪಂದ್ಯವಿದ್ದ ದಿನ ಬಸ್ಸು ಹಿಡಿದು ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಅವರ ಮನೆಯಲ್ಲೂ ರೇಡಿಯೋ ಇತ್ತು, ಜಗಳಕ್ಕೆ ಜನ ಇರಲಿಲ್ಲ.

"ಒಳ್ಳೇ ಆಟಗಾರ, ನಾನೆಲ್ಲಿ ಇಲ್ಲ ಅಂದೆ?" ಎಂದು ಮೇಷ್ಟ್ರು ಶುರು ಮಾಡುತ್ತಿದ್ದರು. "ಆದ್ರೆ ಎಲ್ಲಾರಿಗಿಂತ ದೊಡ್ಡೋನು ಅನ್ಬೇಡಿ ಯಜಮಾನ್ರೇ. ಅವನಿಗೆ ಚೆಂಡು ಕೊಡೋನು ಯಾರು? ಹಿಂದೆ ನಿಂತಿರೋ ಹಾಫ್‌ಬ್ಯಾಕು. ಊಟ ಬಡಿಸೋನನ್ನ ಹೊಗಳ್ತೀರಿ, ಅಡುಗೆ ಮಾಡಿದೋನನ್ನ ಮರೀತೀರಿ."

"ತನ್ನ ಅಡುಗೆ ತಾನೇ ಹೊಗಳೋ ಭಟ್ಟ ನೀವೇ ಅಲ್ವಾ? ಹಾಫ್‌ಬ್ಯಾಕ್ ಆಗಿದ್ದೋರು!" ಎಂದು ದೊಡ್ಡಪ್ಪ. "ನಾನು ಯಾವೋನಿಗೂ ನೆಂಟ ಅಲ್ಲ. ನನ್ ಕಿವಿ ಹೇಳ್ತದೆ, ನಾನು ಹೇಳ್ತೀನಿ."

"ಆಟ ನೋಡೋದು ರೀ, ಕೇಳೋದಲ್ಲ."

"ಕಾಯಿ ಒಳಗೆ ಇಣುಕಿ ನೋಡಿದ್ದೀನಾ ನಾನು? ಇಷ್ಟು ವರ್ಷದಲ್ಲಿ ಒಂದು ತಪ್ಪಿದ್ರೆ ಹೇಳಿ."

ಮೇಷ್ಟ್ರು ಆಗ, "ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಬಿಡಿ" ಎಂದು ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದರು.

ಕಿವಿಯ ಮಾತಿಗೆ ಲೆಕ್ಕದ ಆಧಾರವೂ ಇರಲಿ ಎಂದು ದೊಡ್ಡಪ್ಪ ಒಂದು ಉಪಾಯ ಮಾಡಿದರು. ಜಗಲಿಯ ಮೇಲೆ ರೇಡಿಯೋ, ಪಕ್ಕದಲ್ಲಿ ಚಿಪ್ಪಿನ ಚೂರುಗಳ ಗುಡ್ಡೆ, ಮುಂದೆ ಒಂದು ಬಿದಿರಿನ ಮಂಕರಿ. ರೈಟ್‌ಔಟ್‌ನ ಹೆಸರು ಬಂದಾಗಲೆಲ್ಲ ಒಂದು ಚೂರು ಮಂಕರಿಗೆ. ಪಂದ್ಯ ಮುಗಿದ ಮೇಲೆ ನಾನು ಎಣಿಸಬೇಕು. ಮೇಷ್ಟ್ರು ತಮ್ಮ ಹಾಫ್‌ಬ್ಯಾಕ್‌ನ ಹೆಸರು ಬಂದಾಗಲೆಲ್ಲ ಸ್ಲೇಟಿನ ಮೇಲೆ ಗೀಟು ಹಾಕುತ್ತಿದ್ದರು. ಅರವತ್ತು ಚೂರು, ಎಪ್ಪತ್ತು ಚೂರು ಬೀಳುತ್ತಿದ್ದವು. ಸ್ಲೇಟಿನ ಮೇಲೆ ಇಪ್ಪತ್ತು ದಾಟಿದರೆ ಹೆಚ್ಚು. "ಚೆಂಡು ಕಳಕೊಂಡಾಗಲೂ ಹೆಸರು ಬರುತ್ತಲ್ರೀ, ಅದಕ್ಕೂ ಒಂದು ಚಿಪ್ಪಾ?" ಎಂದು ಮೇಷ್ಟ್ರು ಕೂಗಿಕೊಳ್ಳುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಅವರ ಮಾತು ಸರಿಯೇ. ನಾನು ಒಪ್ಪಲಿಲ್ಲ.

ಒಪ್ಪದಿರುವುದಷ್ಟೇ ಅಲ್ಲ, ಮೋಸವನ್ನೂ ಮಾಡಿದೆ. ರೇಡಿಯೋ ಸ್ವಲ್ಪ ಹೊತ್ತು ಇಂಗ್ಲಿಷ್, ಸ್ವಲ್ಪ ಹೊತ್ತು ಹಿಂದಿ. ಇಂಗ್ಲಿಷ್ ಮೇಷ್ಟ್ರಿಗೆ ಗೊತ್ತು. ಹಿಂದಿ ಅವರಿಗೂ ಬಾರದು, ಆಗ ಅರ್ಥ ಹೇಳುವವಳು ಸ್ಕೂಲಿನಲ್ಲಿ ಹಿಂದಿ ಕಲಿತಿದ್ದ ನಾನು. ಹಿಂದಿಯಲ್ಲಿ ನಮ್ಮ ರೈಟ್‌ಔಟ್ ಚೆಂಡು ಕಳೆದುಕೊಳ್ಳುತ್ತಲೇ ಇರಲಿಲ್ಲ. ಮೂವರನ್ನು ದಾಟಿದರೆ ಐವರು ಎನ್ನುತ್ತಿದ್ದೆ. ಒಂದು ದಿನ ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನಮ್ಮಾ, ಇಂಗ್ಲಿಷಲ್ಲಿ ಎಡವಿ ಬೀಳೋನು ಹಿಂದಿಯಲ್ಲಿ ಹಾರಾಡ್ತಾನಲ್ಲ" ಎಂದರು. ದೊಡ್ಡಪ್ಪ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಇಷ್ಟೆಲ್ಲ ಇದ್ದರೂ ಆ ಆಟಗಾರನ ಮೇಲೆ ನನಗೆ ಬರಬರುತ್ತಾ ನಿಜವಾದ ಪ್ರೀತಿಯೇ ಹುಟ್ಟಿತು. ಮುಖ ಕಂಡಿರಲಿಲ್ಲ. ಮೇಷ್ಟ್ರು ತಂದುಕೊಟ್ಟ ಪೇಪರಿನ ಚಿತ್ರದಲ್ಲಿ ಮಸಿ ಹರಡಿ ಕೋಲೂ ಕಾಲೂ ಒಂದಾಗಿದ್ದವು. ಆದರೆ ಸೋಲುವ ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಅವನ ಹೆಸರು ಬಂದರೆ ನಾವು ಮೂವರೂ ಜಗಲಿಯ ಅಂಚಿಗೆ ಬಂದು ಕೂರುತ್ತಿದ್ದೆವು. ಮೇಷ್ಟ್ರೂ ಕೂಡ. ಆಗ ಅವರ ಬಳಪ ಕೆಳಗಿರುತ್ತಿತ್ತು.

ಮೂರನೇ ವರ್ಷ ಚಿಪ್ಪುಗಳು ಕಡಿಮೆಯಾಗತೊಡಗಿದವು. ಅರವತ್ತಿದ್ದದ್ದು ನಲವತ್ತಾಯಿತು. ಮುಂದಿನ ಪಂದ್ಯಕ್ಕೆ ಮೂವತ್ತು. ನಾನು ಹಿಂದಿಯ ಕಡೆ ಗಮನ ಕೊಟ್ಟು ಮಂಕರಿ ನೋಡಿರಲಿಲ್ಲ, ಎಣಿಸುವಾಗಷ್ಟೇ ಗೊತ್ತಾಗುತ್ತಿತ್ತು. ದೊಡ್ಡಪ್ಪನ ಮುಖ ಇಳಿಯಿತು. "ಯಾಕೋ ನಮ್ಮ ರೈಟ್‌ಔಟು ಇಳೀತಾವ್ನೆ ಕಣ್ರೀ ಮೇಷ್ಟ್ರೇ" ಎಂದರು. ಮೂರು ವರ್ಷದಲ್ಲಿ ಮೊದಲ ಸಲ ತಾವಾಗಿ ಒಂದು ಹೆಜ್ಜೆ ಹಿಂದೆ ಬಂದಿದ್ದರು. ಮೇಷ್ಟ್ರು ಇದಕ್ಕೆ ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ಮಂಕರಿಯ ತಳದಲ್ಲಿದ್ದ ಚೂರುಗಳನ್ನೂ ದೊಡ್ಡಪ್ಪನ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

ಅದೇ ತಿಂಗಳು ಕಾಯಿ ಸುಲಿಯುವ ಆಳು, ಹಿತ್ತಲಿನಲ್ಲಿ ನಾನೊಬ್ಬಳೇ ಇದ್ದಾಗ ಒಂದು ಒಡೆದ ಕಾಯಿ ಹಿಡಿದು ಬಂದ. ಕೊಬ್ಬರಿ ಒಂದು ಕಡೆ ಚಿಪ್ಪಿಗೆ ಅಂಟಿ ಹರಿದಿತ್ತು. "ಈ ಸಲ ಹಿಂಗಿರೋವು ಬಾಳ ಬತ್ತಾವೆ ಕಣವ್ವ. ಯಜಮಾನ್ರು ಆಯ್ತು ಅಂತ ಎಸೆದಿದ್ದೇ ಇವು. ನಾನ್ ಹೆಂಗೆ ಹೇಳಲಿ ಅವ್ರಿಗೆ?" ಎಂದು ತಲೆ ಕೆರೆದುಕೊಂಡ. ನಾನು ಅವನ ಮೇಲೇ ರೇಗಿದೆ. ಸುಲಿಯೋಕೆ ಬರದಿದ್ದರೆ ಯಜಮಾನ್ರ ಮೇಲೆ ಯಾಕೆ ಹಾಕ್ತೀಯ ಎಂದೆ. ಪಾಪ, ಅವನು ಕಾಯಿಯನ್ನು ಅಲ್ಲೇ ಇಟ್ಟು ಹೋದ.

ಮಧ್ಯಾಹ್ನ ದೊಡ್ಡಪ್ಪ ಮಲಗಿದಾಗ ಏಣಿ ಹತ್ತಿದೆ. ಅವರು ಬೆಳಿಗ್ಗೆ "ಆಯ್ತು" ಎಂದು, ಸಂಜೆ ಕೆಳಕ್ಕೆ ಎಸೆಯಲು ಅಟ್ಟದ ಬಾಯಿಯ ಹತ್ತಿರ ಗುಡ್ಡೆ ಮಾಡಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದೆ. ಸದ್ದು ಕೇಳುವುದನ್ನು ನನಗೆ ಕಲಿಸಿದವರೇ ಅವರು. ಹತ್ತರಲ್ಲಿ ಮೂರು ಇನ್ನೂ ಮಲಗಬೇಕಾದವು. ಒಂದರಲ್ಲಂತೂ ನೀರೇ ಇತ್ತು, ಗುಳುಗುಳು ಎಂದು ನನ್ನನ್ನು ಹಂಗಿಸುವ ಹಾಗೆ. ಆ ಕತ್ತಲೆಯಲ್ಲಿ, ಕಾಯಿಗಳ ನಡುವೆ ಕುಳಿತು ಅತ್ತೆ. ರೈಟ್‌ಔಟ್‌ನ ಹೆಸರು ಯಾಕೆ ಕಡಿಮೆ ಬರುತ್ತಿದೆ ಎಂಬುದು ಆಗ ನನಗೆ ಹೊಳೆಯಿತು. ಅದು ಕಡಿಮೆ ಬರುತ್ತಲೇ ಇರಲಿಲ್ಲ.

ಹತ್ತಿರ ಕುಳಿತು ಆಡುವ ಮಾತು ಅವರಿಗೆ ಇನ್ನೂ ಕೇಳುತ್ತಿತ್ತು. ಹೋಗಿದ್ದದ್ದು ಸಣ್ಣ ಸದ್ದು. ಗರಗರ ಎನ್ನುವ ರೇಡಿಯೋದೊಳಗಿನ ಹೆಸರು, ಚಿಪ್ಪಿನೊಳಗಿನ ಉಂಡೆಯ ಸದ್ದು. ಹೇಳಬೇಕಿತ್ತು. ಹೇಳುವ ಧೈರ್ಯ ಬರಲಿಲ್ಲ. ಮನೆಗೆಲ್ಲ ಜೋರು ಬಾಯಿಯವಳು ಎನಿಸಿಕೊಂಡಿದ್ದ ನಾನು, ದಿನವೂ ಮಧ್ಯಾಹ್ನ ಕಳ್ಳಿಯ ಹಾಗೆ ಅಟ್ಟ ಹತ್ತಿ, ಅವರು ಆರಿಸಿದ್ದನ್ನು ಇನ್ನೊಂದು ಸಲ ಆರಿಸಿ, ಹಸಿಯವನ್ನು ಮೂಲೆಗೆ ಸೇರಿಸಿ ಇಳಿಯತೊಡಗಿದೆ. ದೊಡ್ಡಮ್ಮ ಒಂದು ದಿನ ಏಣಿಯ ಕೆಳಗೆ ನಿಂತು ನೋಡಿದರು. "ಜಾರ್‌ಬೇಡ ಕಣೇ, ನಿಧಾನ" ಎಂದು ಏಣಿಯನ್ನು ಹಿಡಿದುಕೊಂಡರು. ಬೇರೆಯವರು ಅಟ್ಟ ನೋಡಲು ಕರೆದಾಗ ನಾನೂ ಜೊತೆಗೆ ಹೊರಡುತ್ತಿದ್ದೆ. ಕಲಿಯೋ ಆಸೆ ದೊಡ್ಡಪ್ಪಾ ಎನ್ನುತ್ತಿದ್ದೆ. ಅವರು ಹಿಗ್ಗುತ್ತಿದ್ದರು.

ಮುಂದಿನ ಪಂದ್ಯದ ದಿನ ನನ್ನ ಕಣ್ಣು ಅವರ ಕೈಯ ಮೇಲೇ ಇತ್ತು. ಹೆಸರು ಬಂತು, ಕೈ ಅಲ್ಲಾಡಲಿಲ್ಲ. ಮತ್ತೆ ಬಂತು, ಅಲ್ಲಾಡಲಿಲ್ಲ. ಮೂರನೇ ಸಲ ತಡೆಯಲಾರದೆ ನಾನೇ ಒಂದು ಚೂರು ತೆಗೆದು ಮಂಕರಿಗೆ ಹಾಕಿದೆ.

"ಯಾಕ್ ಹಾಕ್ದೆ?" ಎಂದರು ದೊಡ್ಡಪ್ಪ.

"ಹೆಸರು ಬಂತಲ್ಲ."

"ಎಲ್ಲಿ ಬಂತು? ನನ್ ಕಿವಿ ಏನ್ ಕೆಟ್ಟೋಗೈತಾ?" ಎಂದು ಆ ಚೂರನ್ನು ಎತ್ತಿ ಹೊರಗಿಟ್ಟರು. "ಸುಳ್ಳು ಚಿಪ್ಪು ಹಾಕಿ ಅವ್ನನ್ನ ದೊಡ್ಡೋನು ಮಾಡ್ಬೇಡ ಮಗಾ. ಅವ್ನಿಗೇ ಅವಮಾನ ಅದು. ಇಳಿದ್ರೆ ಇಳೀಲಿ, ಆಡೋ ಕಾಲದಲ್ಲಿ ಆಡ್ದ."

ನಾನು ಮೇಷ್ಟ್ರ ಕಡೆ ನೋಡಿದೆ, ಮೇಷ್ಟ್ರು ನನ್ನ ಕಡೆ ನೋಡಿದರು. ಅವರಿಗೂ ಗೊತ್ತಿದೆ ಎಂದು ಆಗ ತಿಳಿಯಿತು. ಅವತ್ತು ಪಂದ್ಯ ಮುಗಿದ ಮೇಲೆ ಮೇಷ್ಟ್ರು, ಎಡಗಡೆ ಹಾಫ್‌ಬ್ಯಾಕ್ ಆಗಿದ್ದ ಆ ಮನುಷ್ಯ, ಸ್ಲೇಟು ಒರೆಸಿ ಹೇಳಿದರು: "ಇಲ್ಲ ಯಜಮಾನ್ರೇ, ಅವನು ಇಳಿದಿಲ್ಲ. ಈವತ್ತಿನಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ." ದೊಡ್ಡಪ್ಪ ಒಪ್ಪಲಿಲ್ಲ. ಹೀಗೆ ವಾದ ತಿರುಗಿಬಿತ್ತು. ರೈಟ್‌ಔಟ್ ದೊಡ್ಡವನು ಎಂದು ಮೇಷ್ಟ್ರು, ಅವನ ಕಾಲ ಮುಗಿಯಿತು ಎಂದು ದೊಡ್ಡಪ್ಪ. ಅವರ ದನಿಯಲ್ಲಿ ಮೊದಲಿನ ಕಾವಿರಲಿಲ್ಲ. ನನಗೆ ಅದನ್ನು ಕೇಳಲು ಆಗುತ್ತಿರಲಿಲ್ಲ, ಒಳಗೆ ಹೋಗಿ ದೊಡ್ಡಮ್ಮನಿಗೆ ಬೇಡದಿದ್ದರೂ ಕಾಯಿ ತುರಿಯುತ್ತಾ ಕೂರುತ್ತಿದ್ದೆ.

ಆ ಸಲ ಬೇಸಿಗೆಗೆ ಮುಂಚೆ ಮೇಷ್ಟ್ರು ಪೇಪರು ಮಡಿಸಿಕೊಂಡು ಬಂದರು. ರೈಟ್‌ಔಟ್ ಕೆಲಸ ಮಾಡುವ ಇಲಾಖೆಯ ತಂಡ ಬೆಂಗಳೂರಿನಲ್ಲಿ ಆಡಲಿದೆ. ಹೋಗೋಣ ಎಂದರು. "ಇಳಿದುಹೋದೋನನ್ನ ಅಷ್ಟು ದೂರ ಹೋಗಿ ಏನ್ ನೋಡೋದು ಬುಡಿ" ಎಂದರು ದೊಡ್ಡಪ್ಪ. ಮೇಷ್ಟ್ರು ಬಿಡಲಿಲ್ಲ. ನಾನು ಊಟ ಬಿಡುತ್ತೇನೆ ಎಂದೆ. ನಾನು ಹಾಗೆಂದರೆ ನಿಜವಾಗಿಯೂ ಊಟ ಬಿಡುವವಳು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮ ಚಿತ್ರಾನ್ನ ಕಟ್ಟಿಕೊಟ್ಟರು. ಬೆಳಗಿನ ರೈಲು ಹತ್ತಿದೆವು.

ಮೈದಾನದಲ್ಲಿ ಮೊದಲು ದೊಡ್ಡಪ್ಪ ಕಂಗಾಲಾದರು. ರೇಡಿಯೋ ಇಲ್ಲ, ಹೆಸರು ಹೇಳುವವರಿಲ್ಲ, ಇಪ್ಪತ್ತೆರಡು ಜನ ಒಂದೇ ಸಮನೆ ಓಡುತ್ತಿದ್ದಾರೆ. "ಯಾವನೇ ನಮ್ಮೋನು?" ಎಂದರು. ಮೇಷ್ಟ್ರು ಬೆರಳು ಮಾಡಿದರು. ನಾನು ಅಂದುಕೊಂಡಿದ್ದ ಹಾಗೆ ಎತ್ತರವೂ ಇಲ್ಲ, ಗತ್ತೂ ಇಲ್ಲ. ಕುಳ್ಳ, ಕಪ್ಪು, ಒಂದು ಕಾಲುಚೀಲ ಕಣಕಾಲಿಗೆ ಇಳಿದಿತ್ತು. ತರಕಾರಿ ಮಂಡಿಯಲ್ಲಿ ಮೂಟೆ ಇಳಿಸುವವರ ನಡುವೆ ನಿಂತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ದೊಡ್ಡಪ್ಪ ಮೊಣಕೈಯನ್ನು ತೊಡೆಗೆ ಊರಿ ಅವನೊಬ್ಬನನ್ನೇ ನೋಡತೊಡಗಿದರು. ಚೆಂಡು ಎಲ್ಲಿ ಹೋಗುತ್ತಿದೆ ಎಂಬುದನ್ನು ಅವರು ನೋಡಲೇ ಇಲ್ಲ. ಆಟ ನೋಡುವ ರೂಢಿಯಿಲ್ಲದವರು ಮಾಡುವ ತಪ್ಪು ಅದು. ಆ ತಪ್ಪಿನಿಂದಲೇ ಅವರಿಗೆ ಕಂಡದ್ದು ನನಗೆ ಕಾಣಲಿಲ್ಲ.

ಅರ್ಧ ಆಟದವರೆಗೆ ಅವನಿಗೆ ಚೆಂಡು ಸಿಕ್ಕಿದ್ದೇ ಕಡಿಮೆ. ನನಗೆ ಸಿಟ್ಟು ಬಂತು, ಇಷ್ಟು ದೂರ ಬಂದದ್ದು ಇದಕ್ಕಾ ಎಂದು. ಆಗ ದೊಡ್ಡಪ್ಪ ಮೆಲ್ಲಗೆ, "ನೋಡ್ರಿ ಮೇಷ್ಟ್ರೇ, ಇವ್ನು ಏನ್ ಮಾಡ್ತಾವ್ನೆ" ಎಂದರು. "ಚೆಂಡು ಆ ಕಡೆ ಇರೋವಾಗ ಇವ್ನು ಈ ಗೆರೆ ಪಕ್ಕಕ್ಕೆ ಬಂದು ನಿಲ್ತಾನೆ. ಆ ಇಬ್ರು ಇವ್ನ ಹಿಂದೇನೇ ಬತ್ತಾರೆ, ದನಕ್ಕೆ ಕಟ್ಟಿದ ಕರು ಹಂಗೆ. ಅಲ್ಲಿ ಜಾಗ ಖಾಲಿ ಆಯ್ತದೆ. ಇವ್ನ ಜೊತೆಯೋನು ಆ ಜಾಗಕ್ಕೆ ನುಗ್ತಾನೆ." ಅವರು ಹೇಳಿ ಮುಗಿಸುವ ಮುಂಚೆ ಹಾಗೆಯೇ ಆಯಿತು. ಎರಡು ಸಲ. ಎರಡನೇ ಸಲ ಗೋಲು. ಜನ ಗೋಲು ಹೊಡೆದವನ ಹೆಸರು ಕೂಗಿದರು. ನಮ್ಮ ರೈಟ್‌ಔಟ್ ಗೆರೆಯ ಪಕ್ಕದಲ್ಲಿ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ.

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕುಳಿತಿದ್ದರು. "ಎಷ್ಟು ವರ್ಷ ಆಡಿದೆ ರೀ ನಾನು. ಇದು ನನಗೆ ಕಾಣ್ಲಿಲ್ಲವಲ್ಲ" ಎಂದರು.

ಕೊನೆಗೆ ಒಂದು ಸಲ ಚೆಂಡು ಅವನಿಗೇ ಬಂತು. ಬಂದದ್ದು ಗೊತ್ತು, ಆಮೇಲಿನದನ್ನು ಹೇಳಲು ನನ್ನ ಹಿಂದಿಯ ಸುಳ್ಳುಗಳೂ ಸಾಲವು. ಚೆಂಡನ್ನು ಅವನು ಹೊಡೆಯಲಿಲ್ಲ, ಕೋಲಿಗೆ ಅಂಟಿಸಿಕೊಂಡು ನಡೆಸಿದ. ಅಡ್ಡ ಬಂದವನ ಎಡಕ್ಕೆ ತೋರಿಸಿ ಬಲಕ್ಕೆ ಹೋದ, ಇನ್ನೊಬ್ಬನ ಮುಂದೆ ನಿಂತೇಬಿಟ್ಟ, ಅವನು ಮುಗ್ಗರಿಸಿದ ಮೇಲೆ ಹೊರಟ. ಐವರನ್ನು ದಾಟಿದ. ನಾನು ಎಣಿಸಿದ್ದೇನೆ, ಸುಳ್ಳಲ್ಲ. ಮೇಷ್ಟ್ರು ಎದ್ದು ನಿಂತು ಮೇಲುವಸ್ತ್ರ ಬೀಸಿ ಕೂಗಿದರು. ನಾನೂ ಕೂಗಿದೆ. ದೊಡ್ಡಪ್ಪ ಮಾತ್ರ ಕುಳಿತೇ ಇದ್ದರು. ಕೈ ಮುಗಿದಿದ್ದರು. ದೇವರಿಗೆ ಮುಗಿದಂತಲ್ಲ, ಮನೆಗೆ ಬಂದ ಹಿರಿಯರಿಗೆ ಮುಗಿದ ಹಾಗೆ.

ಸಂಜೆಯ ರೈಲಿನಲ್ಲಿ ಮೇಷ್ಟ್ರು ಎದುರು ಸೀಟಿನಲ್ಲಿ ಕುಳಿತು, "ಸೋತೆ ಯಜಮಾನ್ರೇ. ಅವನೇ ದೊಡ್ಡೋನು, ಇನ್ನು ಮಾತಿಲ್ಲ" ಎಂದರು. ಮೂರು ವರ್ಷ ಕಾದಿದ್ದ ಮಾತು. ದೊಡ್ಡಪ್ಪ ಹಿಗ್ಗಲಿಲ್ಲ. ಕಿಟಕಿಯ ಕಡೆ ತಿರುಗಿದರು. ತುಮಕೂರು ದಾಟಿತು. ತೆಂಗಿನ ತೋಟಗಳ ಮೇಲೆ ಬಿಸಿಲು ಇನ್ನೂ ಚೂರು ಉಳಿದಿತ್ತು.

"ಅವ್ನು ಇಳಿದಿಲ್ಲ" ಎಂದರು ಕೊನೆಗೆ.

"ಇಲ್ಲ" ಎಂದರು ಮೇಷ್ಟ್ರು.

"ಮತ್ತೆ ಚಿಪ್ಪು ಯಾಕೆ ಕಮ್ಮಿ ಬಿದ್ದೋ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ದೊಡ್ಡಪ್ಪ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆತಿಲ್ಲ. ಅವರು ಕೇಳಿದ್ದು ರೇಡಿಯೋದ ವಿಷಯವಲ್ಲ.

"ಅಟ್ಟದ ಕಾಯಿ?"

"ನಾನು ಇನ್ನೊಂದ್ಸಲ ನೋಡ್ತಿದ್ದೆ ದೊಡ್ಡಪ್ಪ. ಮಧ್ಯಾಹ್ನ, ನೀವು ಮಲಗಿದಾಗ."

"ಬ್ಯಾರೆಯೋರ ಮನೇದು?"

"ಅದೂನೂ."

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಅದು ಬೇರೆ ಯಾರದೋ ಎಂಬ ಹಾಗೆ ಸ್ವಲ್ಪ ಹೊತ್ತು ಸವರಿದರು. ಆಮೇಲೆ, "ಪಾಪ, ಅವ್ನನ್ನ ಇಳಿದೋದ ಅಂದ್ಬುಟ್ನಲ್ಲ" ಎಂದರು. ತಮಗಾದದ್ದನ್ನು ಬಿಟ್ಟು ಅವನಿಗಾದ ಅನ್ಯಾಯಕ್ಕೆ ಮರುಗಿದರು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಎದುರಿನ ಹೆಂಗಸೊಬ್ಬಳು ಏನಾಯ್ತು ಎಂದು ಕೇಳಿದಳು. ಮೇಷ್ಟ್ರು, "ಏನಿಲ್ಲ ತಾಯಿ, ಹಾಕಿ ಆಟ" ಎಂದರು.

ನಾಲ್ಕು ದಿನ ದೊಡ್ಡಪ್ಪ ಅಟ್ಟ ಹತ್ತಲಿಲ್ಲ. ಐದನೇ ದಿನ ಹಿಂದಿನ ಬೀದಿಯವರು ಬಂದರು. "ಯಜಮಾನ್ರೇ, ನಾಳೆ ಸುಲಿಸಬೇಕು, ನಮ್ಮ ಅಟ್ಟ ನೋಡ್ತೀರಾ?" ನಾನು ಒಳಗಿನಿಂದ ಓಡಿ ಬಂದೆ, ಏನಾದರೂ ನೆಪ ಹೇಳೋಣವೆಂದು. ದೊಡ್ಡಪ್ಪ ನನಗೆ ಕೈ ಅಡ್ಡ ಮಾಡಿದರು.

"ನನ್ ಕಿವಿ ಹೋಗೈತೆ ಕಣಪ್ಪ" ಎಂದರು, ಬೀದಿಗೆಲ್ಲ ಕೇಳುವ ಹಾಗೆ. "ಈ ಮಗಾ ಬತ್ತಾಳೆ. ಈ ವರ್ಷ ನಾನು ಆರಿಸಿದ್ದು ಅಂತ ನೀವೆಲ್ಲ ಅಂದ್ಕೊಂಡಿದ್ದೂ ಇವ್ಳು ಆರಿಸಿದ್ದೇಯ."

ಬಂದವರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಹೆಣ್ಣು ಹುಡುಗಿ, ಕಾಲೇಜಿಗೆ ಹೋಗುವವಳು ಎಂದು ಯೋಚಿಸಿರಬೇಕು. ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ತಾವೇ ಮುಂದೆ ಹೊರಟರು. ಅಲ್ಲಿ ಏಣಿಯ ಬುಡದಲ್ಲಿ ಕಂಬಕ್ಕೊರಗಿ ಕುಳಿತರು. ನಾನು ಮೇಲಿನಿಂದ "ಆಯ್ತು" ಎಂದು ಎಸೆದದ್ದನ್ನು ಒಂದೊಂದಾಗಿ ಎತ್ತಿ ನೋಡಿ ಗುಡ್ಡೆ ಮಾಡಿದರು. ಒಂದನ್ನೂ ಕಿವಿಗೆ ಹಿಡಿಯಲಿಲ್ಲ.

ಮುಂದಿನ ಪಂದ್ಯಕ್ಕೆ ಮೇಷ್ಟ್ರು ಬಂದಾಗ ನಾನು ರೂಢಿಯ ಹಾಗೆ ಮಂಕರಿ ತಂದಿಟ್ಟೆ. "ಅದನ್ನ ತೆಗೆದಿಡು ಮಗಾ" ಎಂದರು ದೊಡ್ಡಪ್ಪ. "ಚಿಪ್ಪಿನ ಲೆಕ್ಕಕ್ಕೆ ಸಿಕ್ಕೋನಲ್ಲ ಅವ್ನು." ನನ್ನನ್ನು ಹತ್ತಿರ ಕೂರಿಸಿಕೊಂಡರು. ರೇಡಿಯೋ ಗರಗರ ಎಂದು ಶುರುವಾಯಿತು, ಹಿಂದಿಯ ಭಾಗ. ಅವರು ರೇಡಿಯೋ ಕಡೆ ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಗಟ್ಟಿಯಾಗಿ ಹೇಳುತ್ತಾ ಹೋದೆ. ಇಬ್ಬರನ್ನು ದಾಟಿದರೆ ಇಬ್ಬರು. ಚೆಂಡು ಕಳೆದುಕೊಂಡರೆ ಕಳೆದುಕೊಂಡ. ಮೇಷ್ಟ್ರು ತಲೆಯಾಡಿಸುತ್ತಿದ್ದರು.

ಆಟ ಎಡಗಡೆಗೆ ಹೋಯಿತು. ಬಹಳ ಹೊತ್ತು ಅವನ ಹೆಸರೇ ಬರಲಿಲ್ಲ. ದೊಡ್ಡಪ್ಪ ನನ್ನ ಕೈ ಮುಟ್ಟಿದರು.

"ಈಗ ಎಲ್ಲವ್ನೆ ನಮ್ಮೋನು?"

ರೇಡಿಯೋ ಅದನ್ನು ಹೇಳುತ್ತಿರಲಿಲ್ಲ. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಕುಳಿತಿದ್ದರು.

"ಬಲಗಡೆ ಗೆರೆ ಪಕ್ಕದಲ್ಲಿ ದೊಡ್ಡಪ್ಪ" ಎಂದೆ. "ಇಬ್ಬರನ್ನ ಹಿಂದೆ ಕಟ್ಕೊಂಡು ನಿಂತವ್ನೆ."

"ಜಾಗ ಬಿಡಿಸ್ತಾವ್ನೆ" ಎಂದು ದೊಡ್ಡಪ್ಪ ಗೋಡೆಗೆ ಒರಗಿದರು.

"ಹೌದು ಕಣ್ರೀ" ಎಂದರು ಮೇಷ್ಟ್ರು, ಕಣ್ಣು ತೆರೆಯದೆ.